ಗಡಿಯಾರ ನಿಲ್ಲಿಸುವ ಮುನ್ನ

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಮಂಡ್ಯ, ಮೈಸೂರು ಕಡೆಯ ಓದುಗರು ಪತ್ರಿಕೆ ಬಿಡಿಸಿದ ಕೂಡಲೇ ಹುಡುಕುವುದು ಒಂದು ಪುಟ್ಟ ಚೌಕವನ್ನು. ಕೆಆರ್‌ಎಸ್ ಜಲಾಶಯದ ಇಂದಿನ ಮಟ್ಟ ಇಷ್ಟು ಅಡಿ, ಸಂಗ್ರಹ ಇಷ್ಟು ಟಿಎಂಸಿ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಗರಿಷ್ಠ ಮಟ್ಟ 124.80 ಅಡಿ, ಪೂರ್ಣ ಸಾಮರ್ಥ್ಯ 49.45 ಟಿಎಂಸಿ ಎಂಬುದು ನಾಲೆಯ ನೀರನ್ನೇ ನೆಚ್ಚಿಕೊಂಡ ರೈತರಿಗೆ ಬಾಯಿಪಾಠ. ಮಳೆಗಾಲದ ಆರಂಭದಲ್ಲಿ ಮಟ್ಟ ಬೇಗಬೇಗ ಏರುತ್ತದೆ. ಅಣೆಕಟ್ಟೆ ತುಂಬುತ್ತ ಬಂದಂತೆ ಒಳಹರಿವು ಅಷ್ಟೇ ಇದ್ದರೂ ಏರಿಕೆ ಅಂಗುಲಗಳ ಲೆಕ್ಕಕ್ಕೆ ಇಳಿಯುತ್ತದೆ. ಇದೂ ಅವರಿಗೆ ಗೊತ್ತು. ಕಾಲೇಜಿನಲ್ಲಿ ಕಲನಶಾಸ್ತ್ರ ಕಲಿಯುವ ಹುಡುಗ ಹುಡುಗಿಯರು ‘ಸಂಬಂಧಿತ ದರಗಳು’ ಎಂಬ ಶೀರ್ಷಿಕೆಯ ಕೆಳಗೆ ಬಿಡಿಸಲು ಹೆಣಗುವ ಲೆಕ್ಕಗಳೆಲ್ಲ ಈ ಒಂದು ಚೌಕದೊಳಗೇ ಇವೆ.

ಲೆಕ್ಕವನ್ನೇ ಮಾಡಿ ನೋಡೋಣ. ಒಳಹರಿವಿನಿಂದ ಹೊರಹರಿವನ್ನು ಕಳೆದ ಮೇಲೆ 10,000 ಕ್ಯೂಸೆಕ್ ಉಳಿಯಿತು ಎನ್ನಿ. ಅಂದರೆ ಪ್ರತಿ ಸೆಕೆಂಡಿಗೆ 10,000 ಘನ ಅಡಿ ನೀರು ಜಲಾಶಯದಲ್ಲಿ ನಿಲ್ಲುತ್ತಿದೆ. ದಿನಕ್ಕೆ 86,400 ಸೆಕೆಂಡು. ಆದ್ದರಿಂದ ದಿನಕ್ಕೆ 86.4 ಕೋಟಿ ಘನ ಅಡಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿಯಾದ್ದರಿಂದ ಇದು 0.864 ಟಿಎಂಸಿ. ಸಂಗ್ರಹ ಬೆಳೆಯುವ ದರ ಸಿಕ್ಕಿತು. ಮಟ್ಟ ಏರುವ ದರವೆಷ್ಟು?

ತುಂಬಿದ ಕೆಆರ್‌ಎಸ್‌ನ ನೀರು ಸುಮಾರು 130 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಚದರ ಅಡಿಯಲ್ಲಿ ಹೇಳಿದರೆ ಸುಮಾರು 140 ಕೋಟಿ. ಆ ಹರವಿನ ಮೇಲೆ ಮಟ್ಟ ಒಂದಡಿ ಏರಬೇಕಾದರೆ 140 ಕೋಟಿ ಘನ ಅಡಿ, ಅಂದರೆ 1.4 ಟಿಎಂಸಿ ನೀರು ಬೇಕು. ನಮ್ಮಲ್ಲಿರುವುದು ದಿನಕ್ಕೆ 0.864. ಭಾಗಿಸಿದರೆ 0.62 ಅಡಿ, ಏಳೂವರೆ ಅಂಗುಲ. ಅದೇ ಜಲಾಶಯ ತಳ ಸೇರಿದ್ದು, ನೀರಿನ ಹರವು ಅರ್ಧಕ್ಕೆ ಕುಗ್ಗಿದ್ದಾಗ ಅದೇ 10,000 ಕ್ಯೂಸೆಕ್ ಬಂದರೆ ಮಟ್ಟ ದಿನಕ್ಕೆ ಸುಮಾರು 15 ಅಂಗುಲ ಏರುತ್ತದೆ.

ಇಷ್ಟು ಹೊತ್ತು ನಾವು ಬಳಸಿದ ನಿಯಮವನ್ನು ಒಂದು ಸಾಲಿನಲ್ಲಿ ಬರೆಯಬಹುದು:

ಸಂಗ್ರಹದ ದರ = ನೀರಿನ ಮೇಲ್ಮೈ ವಿಸ್ತೀರ್ಣ × ಮಟ್ಟದ ದರ

ಜಲಾಶಯದ ಆಕಾರ ಯಾವುದೇ ಇರಲಿ, ಇದು ನಿಜ. ಹೊಸದಾಗಿ ಬಂದ ನೀರು ಹಳೆಯ ನೀರಿನ ಮೇಲೆ ತೆಳುವಾದ ಒಂದು ಹಾಳೆಯಂತೆ ಕೂರುತ್ತದೆ. ಆ ಹಾಳೆಯ ಗಾತ್ರವೆಂದರೆ ವಿಸ್ತೀರ್ಣ ಮತ್ತು ದಪ್ಪದ ಗುಣಲಬ್ಧ. ತಳದಲ್ಲಿ ಬಂಡೆಯಿದೆಯೋ ಹೂಳಿದೆಯೋ, ದಡ ಕಡಿದಾಗಿದೆಯೋ ಓರೆಯಾಗಿದೆಯೋ ಎಂಬುದನ್ನು ಈ ಸಮೀಕರಣ ಕೇಳುವುದೇ ಇಲ್ಲ. ಈ ಕ್ಷಣದ ಮೇಲ್ಮೈ ಒಂದು ಗೊತ್ತಿದ್ದರೆ ಸಾಕು.

ಪಠ್ಯಪುಸ್ತಕಗಳಲ್ಲಿ ಕೆಆರ್‌ಎಸ್ ಬದಲಿಗೆ ತಲೆಕೆಳಗಾದ ಶಂಕುವಿನ ಆಕಾರದ ತೊಟ್ಟಿ ಇರುತ್ತದೆ. ಶಂಕುವಿನಲ್ಲಿ ನೀರಿನ ಗಾತ್ರ ಎತ್ತರದ ಘನಕ್ಕೆ ಅನುಪಾತದಲ್ಲಿರುವುದರಿಂದ ಎತ್ತರ ಶೇಕಡಾ 1ರಷ್ಟು ಹೆಚ್ಚಿದರೆ ಗಾತ್ರ ಶೇಕಡಾ 3ರಷ್ಟು ಹೆಚ್ಚುತ್ತದೆ. ಕೆಆರ್‌ಎಸ್ ಅಂಥದೊಂದು ಶಂಕುವಾಗಿದ್ದರೆ, ಮಟ್ಟವನ್ನು ತಳದಿಂದಲೇ ಅಳೆದದ್ದೆಂದು ಇಟ್ಟುಕೊಂಡರೆ, ತುಂಬಿದಾಗ ಕೊನೆಯ ಅಡಿಗೆ 49.45ರ ಮೂರು ಪಟ್ಟನ್ನು 124.80ರಿಂದ ಭಾಗಿಸಿದಷ್ಟು, ಎಂದರೆ 1.19 ಟಿಎಂಸಿ ಬೇಕಿತ್ತು. ನಿಜದಲ್ಲಿ ಬೇಕಾಗುವುದು ಸುಮಾರು 1.4. ಮೇಲೆ ಹೋದಂತೆ ಕಣಿವೆ ಶಂಕುವಿಗಿಂತಲೂ ಹೆಚ್ಚು ಬಾಯ್ದೆರೆಯುತ್ತದೆ ಎಂದಾಯಿತು. ಅಣೆಕಟ್ಟೆಯ ಮೇಲಿಂದ ನೋಡಿ ಊಹಿಸಲಾಗದ ನೆಲದ ಆಕಾರವೊಂದು ಪತ್ರಿಕೆಯ ಎರಡು ಅಂಕಿಗಳಿಂದ ಮತ್ತು ನಕ್ಷೆಯ ಒಂದು ಅಂಕಿಯಿಂದ ಹೊರಬಂದದ್ದು ನನಗೆ ತುಂಬ ಇಷ್ಟವಾದ ಸಂಗತಿ.

ಕಲನಶಾಸ್ತ್ರ ಹುಟ್ಟಿದ್ದೇ ಈ ಬಗೆಯ ಪ್ರಶ್ನೆಯಿಂದ. ಐಸಾಕ್ ನ್ಯೂಟನ್ 1671ರ ಹೊತ್ತಿಗೆ ಬರೆದ, ಆದರೆ ಆತ ತೀರಿಕೊಂಡ ಮೇಲೆ 1736ರಲ್ಲಷ್ಟೇ ಅಚ್ಚಾದ ಗ್ರಂಥದಲ್ಲಿ ಎಲ್ಲ ರಾಶಿಗಳೂ ಕಾಲದೊಂದಿಗೆ ಹರಿಯುತ್ತವೆ. ಉದ್ದ ಹರಿಯುತ್ತದೆ, ಕ್ಷೇತ್ರಫಲ ಹರಿಯುತ್ತದೆ, ಕೋನ ಹರಿಯುತ್ತದೆ. ಹರಿಯುವ ರಾಶಿಯ ವೇಗವನ್ನು ನ್ಯೂಟನ್ ಮುಂದಿನ ವರ್ಷಗಳಲ್ಲಿ ಅಕ್ಷರದ ನೆತ್ತಿಯ ಮೇಲೆ ಒಂದು ಚುಕ್ಕೆಯಿಟ್ಟು ಸೂಚಿಸಿದ. ಆ ಗ್ರಂಥ ಎತ್ತಿಕೊಳ್ಳುವ ಮೊದಲ ಸಮಸ್ಯೆಯ ತಾತ್ಪರ್ಯವಿಷ್ಟೇ: ಹರಿಯುವ ರಾಶಿಗಳ ನಡುವಿನ ಸಂಬಂಧ ಕೊಟ್ಟಿದ್ದರೆ, ಅವುಗಳ ವೇಗಗಳ ನಡುವಿನ ಸಂಬಂಧವನ್ನು ಕಂಡುಹಿಡಿಯುವುದು ಹೇಗೆ? 1676ರಲ್ಲಿ ಗಣಿತಜ್ಞ ಲೈಬ್ನಿಟ್ಸ್‌ಗೆ ತಲುಪಲೆಂದು ಬರೆದ ಪತ್ರದಲ್ಲಿ ಇದೇ ಮಾತನ್ನು ನ್ಯೂಟನ್ ಅಕ್ಷರಗಳನ್ನು ಕಲಸಿ ಗುಟ್ಟಾಗಿ ಅಡಗಿಸಿಟ್ಟಿದ್ದ. ಬಿಡಿಸಿ ಓದಿದರೆ ಅಲ್ಲಿ ಇನ್ನೊಂದು ತುಂಡೂ ಇತ್ತು: ಇದರ ವಿಲೋಮವನ್ನೂ ಕಂಡುಹಿಡಿಯುವುದು. ಇಂದು ಪಠ್ಯಪುಸ್ತಕದ ಮಧ್ಯದಲ್ಲಿ ಒಂದು ಅಭ್ಯಾಸದ ಜಾಗ ಹಿಡಿದು ಕುಳಿತಿರುವ ವಿಷಯ ನ್ಯೂಟನ್‌ಗೆ ಶಾಸ್ತ್ರದ ಬಾಗಿಲೇ ಆಗಿತ್ತು. ಮುಂದೆ ಮಿತಿ, ನಿರಂತರತೆ, ಅವಕಲನದ ಸೂತ್ರಗಳು ಎಂಬ ಕ್ರಮದಲ್ಲಿ ಪಾಠ ಸಾಗತೊಡಗಿದಾಗ ಈ ಬಾಗಿಲು ಹಿತ್ತಿಲಿಗೆ ಹೋಯಿತು. 1836ರಲ್ಲಿ ಲಂಡನ್ನಿನ ಪ್ರಾಧ್ಯಾಪಕ ವಿಲಿಯಂ ರಿಚಿ, ಹೊಸಬರಿಗೂ ಕಲನಶಾಸ್ತ್ರ ಅರ್ಥವಾಗಲಿ ಎಂದು ಬರೆದ ಪುಸ್ತಕದಲ್ಲಿ ಬೆಳೆಯುವ ಚೌಕದಂಥ ದರದ ಲೆಕ್ಕಗಳನ್ನೇ ಮುಂದಿಟ್ಟ. ಅದು ಸರಿಯಾದ ದಾರಿ ಎಂದೇ ನನ್ನ ನಂಬಿಕೆ. ಬದಲಾಗುವ ವಸ್ತುವನ್ನು ಕಣ್ಣಾರೆ ಕಂಡವರಿಗೆ ಅವಕಲನ, ಎಂದರೆ ದರ ತೆಗೆಯುವ ವಿದ್ಯೆ, ಬೇಕೆನಿಸುತ್ತದೆ. ಸೂತ್ರಗಳ ಪಟ್ಟಿಯನ್ನು ಮಾತ್ರ ಕಂಡವರಿಗೆ ಅದೇಕೆಂದು ತಿಳಿಯುವುದಿಲ್ಲ.

ಈಗ ಏಣಿಗೆ ಬರೋಣ. ದ್ವಿತೀಯ ಪಿಯುಸಿ ಗಣಿತ ಓದಿದ ಯಾರೂ ಮರೆಯದ ಏಣಿ ಇದು. 5 ಮೀಟರ್ ಉದ್ದದ ಏಣಿ ಗೋಡೆಗೆ ಒರಗಿದೆ. ಅದರ ಬುಡವನ್ನು ನೆಲದ ಮೇಲೆ ಗೋಡೆಯಿಂದ ಆಚೆಗೆ ಸೆಕೆಂಡಿಗೆ 2 ಸೆಂಟಿಮೀಟರ್ ವೇಗದಲ್ಲಿ ಎಳೆಯುತ್ತಿದ್ದಾರೆ. ಬುಡ ಗೋಡೆಯಿಂದ 4 ಮೀಟರ್ ದೂರವಿರುವಾಗ ಏಣಿಯ ತುದಿ ಯಾವ ವೇಗದಲ್ಲಿ ಕೆಳಗೆ ಜಾರುತ್ತಿರುತ್ತದೆ?

ಬಹುಪಾಲು ವಿದ್ಯಾರ್ಥಿಗಳ ಕೈ ತಾನೇ ಓಡುವುದು ಹೀಗೆ: ಏಣಿ 5, ಅಂತರ 4, ಹಾಗಾದರೆ ಪೈಥಾಗೊರಸ್ ಪ್ರಕಾರ ಎತ್ತರ 3. ಚಿತ್ರ ಬರೆದು ಮೂರು ಬದಿಗಳಿಗೂ ಅಂಕಿ ಹಾಕುತ್ತಾರೆ. ಆಮೇಲೆ ಅವಕಲನ ಮಾಡಲು ಹೊರಟರೆ ಕೈಯಲ್ಲಿರುವುದು 16 + 9 = 25. ಇದರಲ್ಲಿ ಬದಲಾಗುವ ಯಾವುದೂ ಇಲ್ಲ. ಅವಕಲನ ಮಾಡಿದರೆ ಸೊನ್ನೆಗೆ ಸೊನ್ನೆ ಸಮ ಎಂಬ, ಸತ್ಯವೇ ಆದರೂ ಯಾವ ಕೆಲಸಕ್ಕೂ ಬಾರದ ವಾಕ್ಯ ಸಿಗುತ್ತದೆ.

ಇದು ಅಜಾಗರೂಕತೆಯಿಂದ ಆಗುವ ತಪ್ಪಲ್ಲ. ಹತ್ತು ವರ್ಷ ಶಾಲೆಯಲ್ಲಿ ಕಲಿತದ್ದೇ ಕೊಟ್ಟ ಅಂಕಿಯನ್ನು ಮೊದಲು ಸೂತ್ರಕ್ಕೆ ಹಾಕು ಎಂದು. ಇಲ್ಲಿ ಮಾತ್ರ ಆ ಕಲಿಕೆ ಕಾಲಿಗೆ ತೊಡರುತ್ತದೆ. ಲೆಕ್ಕದಲ್ಲಿ ಎರಡು ಜಾತಿಯ ಅಂಕಿಗಳಿವೆ. ಏಣಿಯ ಉದ್ದ 5 ಮೀಟರ್; ಅದು ಮೊದಲೂ 5, ಈಗಲೂ 5, ಬಿದ್ದ ಮೇಲೂ 5. ಬುಡದ ಅಂತರ 4 ಮೀಟರ್. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹಳತಾಗುವ ಅಂಕಿ. ಮೊದಲನೆಯದು ಸದಾಕಾಲದ್ದು, ಎರಡನೆಯದು ಒಂದು ಕ್ಷಣದ್ದು. ಸದಾಕಾಲದ ಅಂಕಿಯನ್ನು ಯಾವಾಗ ಬೇಕಾದರೂ ಹಾಕಬಹುದು. ಕ್ಷಣದ ಅಂಕಿಯನ್ನು ಹಾಕಿದೆವೆಂದರೆ ಗಡಿಯಾರ ನಿಲ್ಲಿಸಿದಂತೆ. ನಿಂತ ಗಡಿಯಾರದಲ್ಲಿ ವೇಗವೆಂಬುದಿಲ್ಲ. ಆದ್ದರಿಂದ ಗಡಿಯಾರ ಓಡುತ್ತಿರುವಾಗಲೇ, ಎಲ್ಲ ಕ್ಷಣಗಳಿಗೂ ಅನ್ವಯಿಸುವ ಸಂಬಂಧವನ್ನು ಬರೆದುಕೊಳ್ಳಬೇಕು. ಇಡೀ ಅಧ್ಯಾಯದ ಜೀವ ಇದೊಂದರಲ್ಲೇ ಇದೆ, ಉಳಿದದ್ದು ಅಂಕಗಣಿತ.

ಎಲ್ಲ ಕ್ಷಣಗಳಿಗೂ ನಿಜವಾದದ್ದು ಇದು:

ಅಂತರ² + ಎತ್ತರ² = 25

ಅಂತರ ಎಂಬುದು ಇಲ್ಲಿ ಹರಿಯುತ್ತಿರುವ ರಾಶಿ. ಅದರ ವರ್ಗ ಬೆಳೆಯುವ ದರ ಎರಡು ಪಟ್ಟು ಅಂತರ ಗುಣಿಸು ಅಂತರದ ದರ. ಎತ್ತರಕ್ಕೂ ಹಾಗೆಯೇ. 25 ಬದಲಾಗುವುದಿಲ್ಲ, ಅದರ ದರ ಸೊನ್ನೆ. ಎರಡೂ ಕಡೆ 2ರಿಂದ ಭಾಗಿಸಿದರೆ:

ಅಂತರ × ಅಂತರದ ದರ + ಎತ್ತರ × ಎತ್ತರದ ದರ = 0

ಈಗ, ಈಗ ಮಾತ್ರ, ಗಡಿಯಾರ ನಿಲ್ಲಿಸಬಹುದು. ಅಂತರ 4, ಎತ್ತರ 3, ಅಂತರದ ದರ 2. ಎಂಟನ್ನು ಮೂರರಿಂದ ಭಾಗಿಸಿ ಋಣ ಚಿಹ್ನೆ ಹಾಕಿದರೆ ಎತ್ತರದ ದರ −2.67. ತುದಿ ಸೆಕೆಂಡಿಗೆ 2.67 ಸೆಂಟಿಮೀಟರ್ ವೇಗದಲ್ಲಿ ಇಳಿಯುತ್ತಿದೆ. ಋಣ ಚಿಹ್ನೆ ಇಳಿತವನ್ನು ಹೇಳುತ್ತದೆ. ಅದನ್ನು ನಾವು ಊಹಿಸಿ ಸೇರಿಸಬೇಕಾಗಿಲ್ಲ, ಸಮೀಕರಣವೇ ತಂದುಕೊಡುತ್ತದೆ. ಬುಡದ ವೇಗ ಮೀಟರಿನಲ್ಲಿರಲಿ ಸೆಂಟಿಮೀಟರಿನಲ್ಲಿರಲಿ ತುದಿಯ ವೇಗವೂ ಅದೇ ಮಾನದಲ್ಲಿ ಬರುತ್ತದೆ. ಏಕೆಂದರೆ ಅಂತರವನ್ನು ಎತ್ತರದಿಂದ ಭಾಗಿಸಿದಾಗ ಮಾನ ಹೊಡೆದುಹೋಗಿರುತ್ತದೆ.

ಕ್ಷಣದ ಅಂಕಿ ಕೊಡದೆಯೂ ಉತ್ತರ ಬರುವ ಲೆಕ್ಕಗಳಿವೆ. 6 ಮೀಟರ್ ಎತ್ತರದ ದೀಪದ ಕಂಬದಿಂದ 2 ಮೀಟರ್ ಎತ್ತರದ ವ್ಯಕ್ತಿ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ದೂರ ನಡೆಯುತ್ತಾರೆ; ನೆರಳು ಎಷ್ಟು ವೇಗವಾಗಿ ಉದ್ದವಾಗುತ್ತದೆ? ಕಂಬದಿಂದ ಎಷ್ಟು ದೂರ ಎಂಬುದನ್ನು ಕೊಟ್ಟೇ ಇಲ್ಲವಲ್ಲ ಎಂದು ಮಕ್ಕಳು ಗಾಬರಿಯಾಗುತ್ತಾರೆ. ಸಮರೂಪ ತ್ರಿಭುಜಗಳನ್ನು ಬರೆದರೆ ನೆರಳು ಯಾವಾಗಲೂ ದೂರದ ಅರ್ಧ. ಹಾಗಾಗಿ ದರವೂ ಯಾವಾಗಲೂ ಅರ್ಧ, ಗಂಟೆಗೆ 2.5 ಕಿಲೋಮೀಟರ್. ಏಣಿಯ ಸಂಬಂಧ ಬಾಗಿದ ರೇಖೆ, ನೆರಳಿನದು ನೇರ ರೇಖೆ, ವ್ಯತ್ಯಾಸ ಅಷ್ಟೇ.

ಏಣಿಯನ್ನು ಇಲ್ಲಿಗೇ ಬಿಡಲು ನನಗೆ ಮನಸ್ಸಿಲ್ಲ. ಪರೀಕ್ಷೆಗೆ 2.67 ಸಾಕು, ಕುತೂಹಲಕ್ಕೆ ಸಾಲದು. ಬುಡವನ್ನು ಅದೇ 2 ಸೆಂಟಿಮೀಟರ್ ವೇಗದಲ್ಲಿ ಎಳೆಯುತ್ತಲೇ ಹೋಗೋಣ. ಬುಡ 3 ಮೀಟರಿನಲ್ಲಿದ್ದಾಗ ತುದಿಯ ವೇಗ 1.5 ಸೆಂಟಿಮೀಟರ್ ಇತ್ತು. 4ರಲ್ಲಿ 2.67. 4.9ಕ್ಕೆ ಬಂದಾಗ 9.8. 4.99ಕ್ಕೆ ಬಂದಾಗ 31.6. ಎತ್ತರ ಸೊನ್ನೆಯತ್ತ ಸಾಗಿದಂತೆ ನಾವು ಭಾಗಿಸುತ್ತಿರುವ ಸಂಖ್ಯೆಯೇ ಸೊನ್ನೆಯತ್ತ ಸಾಗುತ್ತದೆ, ವೇಗ ಅನಂತದತ್ತ. ತುದಿ ನೆಲದಿಂದ ಒಂದು ಮಿಲಿಮೀಟರ್ ಮೇಲಿರುವಾಗ ಸಮೀಕರಣ ಹೇಳುವ ವೇಗ ಸೆಕೆಂಡಿಗೆ 100 ಮೀಟರ್. ಮೀಟರಿನ ಮುನ್ನೂರು ಕೋಟಿಯ ಒಂದು ಪಾಲಿನಷ್ಟು ಮೇಲಿರುವಾಗ ಬೆಳಕಿನ ವೇಗ. ಆಮೆಯ ನಡಿಗೆಯಲ್ಲಿ ಎಳೆದ ಏಣಿಯೊಂದು ಬೆಳಕನ್ನು ಹಿಂದಿಕ್ಕಲು ಸಾಧ್ಯವೇ ಇಲ್ಲ. ಅವಕಲನದಲ್ಲಿ ತಪ್ಪಿಲ್ಲ, ಪೈಥಾಗೊರಸ್‌ನಲ್ಲಿ ತಪ್ಪಿಲ್ಲ. ಹಾಗಾದರೆ ತಪ್ಪು ಎಲ್ಲಿ?

‘ಎಲ್ಲ ಕ್ಷಣಗಳಿಗೂ ನಿಜವಾದ ಸಂಬಂಧ’ ಎಂದೆವಲ್ಲ, ಅಲ್ಲಿ. ಅಂತರ² + ಎತ್ತರ² = 25 ಎಂಬುದು ಏಣಿಯ ತುದಿ ಗೋಡೆಗೆ ತಗುಲಿಕೊಂಡಿರುವಷ್ಟು ಹೊತ್ತು ಮಾತ್ರ ನಿಜ. ಗೋಡೆ ಏಣಿಯನ್ನು ಆಚೆಗೆ ದೂಡಬಲ್ಲದು, ತನ್ನತ್ತ ಎಳೆದುಕೊಳ್ಳಲಾರದು. ಆರಂಭದಲ್ಲಿ ಗುರುತ್ವ ಏಣಿಯನ್ನು ಇನ್ನೂ ಬೇಗ ಕೆಡವಲು ನೋಡುತ್ತಿರುತ್ತದೆ, ಗೋಡೆ ತಡೆಯುತ್ತಿರುತ್ತದೆ. ಎತ್ತರ ಕಡಿಮೆಯಾದಂತೆ ಸಮೀಕರಣ ಕೇಳುವ ವೇಗೋತ್ಕರ್ಷ ಏರುತ್ತ ಹೋಗಿ ಒಂದು ಹಂತದಲ್ಲಿ ಗುರುತ್ವ ಕೊಡಬಲ್ಲ ವೇಗೋತ್ಕರ್ಷವನ್ನು ಮುಟ್ಟುತ್ತದೆ. ಆ ಕ್ಷಣದಲ್ಲಿ ಗೋಡೆಯ ಒತ್ತಡ ಸೊನ್ನೆ. ಅದರಾಚೆಗೆ ಏಣಿಯ ತುದಿ ಗೋಡೆಯನ್ನು ಬಿಟ್ಟುಬಿಡುತ್ತದೆ, ಸಂಬಂಧ ಅಲ್ಲಿಗೆ ಮುಗಿಯಿತು.

ಆ ಕ್ಷಣ ಯಾವುದು ಎಂಬುದನ್ನೂ ಲೆಕ್ಕ ಹಾಕಬಹುದು. ಘರ್ಷಣೆಯಿಲ್ಲ, ಏಣಿಯ ತೂಕ ಉದ್ದಕ್ಕೂ ಸಮನಾಗಿ ಹಂಚಿಕೊಂಡಿದೆ ಎಂದುಕೊಂಡರೆ ಬರುವ ಷರತ್ತು ಹೀಗಿದೆ: ಎತ್ತರವನ್ನು ಏಣಿಯ ಉದ್ದದಿಂದ ಭಾಗಿಸಿ ಘನ ತೆಗೆದರೆ, ಅದು ಬುಡದ ವೇಗದ ವರ್ಗದ ಎರಡು ಪಟ್ಟನ್ನು, ಗುರುತ್ವದ ವೇಗೋತ್ಕರ್ಷ ಮತ್ತು ಏಣಿಯ ಉದ್ದ ಇವೆರಡರ ಗುಣಲಬ್ಧದ ಮೂರು ಪಟ್ಟಿನಿಂದ ಭಾಗಿಸಿದಷ್ಟಾಗಬೇಕು. ನಮ್ಮ ಏಣಿಗೆ ಅಂಕಿ ಹಾಕಿದರೆ ಎತ್ತರ ಸುಮಾರು 8.8 ಸೆಂಟಿಮೀಟರ್. ಅಲ್ಲಿಯವರೆಗೆ ಪಿಯುಸಿ ಸಮೀಕರಣ ಚಾಚೂ ತಪ್ಪದೆ ಸರಿ. ಆ ಹೊತ್ತಿಗೆ ತುದಿಯ ವೇಗ ಸೆಕೆಂಡಿಗೆ 1.14 ಮೀಟರ್. ಅಲ್ಲಿಂದ ಮುಂದೆ ಏಣಿ ಬುಡದ ಸುತ್ತ ತಿರುಗುವ ಸಾಮಾನ್ಯ ಸರಳಿನಂತೆ ಬಿದ್ದು, ನೆಲ ತಾಕುವಾಗ ತುದಿಯ ವೇಗ ಅದರ ಸುಮಾರು 1.73 ಪಟ್ಟು, ಸೆಕೆಂಡಿಗೆ 2 ಮೀಟರಿನ ಹತ್ತಿರ. ಈ 1.73 ಎಂಬುದು 3ರ ವರ್ಗಮೂಲ. ಬುಡವನ್ನು ನಿಧಾನವಾಗಿ ಎಳೆಯುವಷ್ಟು ಕಾಲ ಏಣಿ ಯಾವ ಉದ್ದದ್ದಾದರೂ ಈ ಪ್ರಮಾಣ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಬೆಳಕಿನ ವೇಗ ಹೋಗಿ, ಮನುಷ್ಯ ಬಿರುಸಾಗಿ ನಡೆಯುವ ವೇಗ ಬಂತು. ಯಾರೂ ಎಳೆಯದೆ, ನುಣುಪು ನೆಲದ ಮೇಲೆ ಏಣಿ ತಾನಾಗಿ ನಿಶ್ಚಲ ಸ್ಥಿತಿಯಿಂದ ಜಾರಿದರೆ ಫಲಿತಾಂಶ ಇನ್ನೂ ಚೆಲುವಾದದ್ದು: ತುದಿ ತಾನು ಹೊರಟ ಎತ್ತರದ ಮೂರನೇ ಎರಡರಷ್ಟಕ್ಕೆ ಇಳಿದಾಗ ಗೋಡೆ ಬಿಡುತ್ತದೆ, ಏಣಿ ಎಷ್ಟೇ ಓರೆಯಾಗಿ ನಿಂತಿದ್ದರೂ.

ಪಾಠ ಹೇಳುವವರು ಈ ಅನಂತವನ್ನು ಮುಚ್ಚಿಡಬಾರದು. ತರಗತಿಯಲ್ಲಿ ಯಾರಾದರೊಬ್ಬರು ‘ಎತ್ತರ ಸೊನ್ನೆ ಆದರೆ?’ ಎಂದು ಕೇಳಿದರೆ ಅದು ಅಧ್ಯಾಯದ ಅತ್ಯುತ್ತಮ ಪ್ರಶ್ನೆ. ಸಂಬಂಧವನ್ನು ಬರೆಯುವುದು ಒಂದು ಕೆಲಸ, ಅದು ಎಲ್ಲಿಯವರೆಗೆ ಸಂಬಂಧವಾಗಿ ಉಳಿಯುತ್ತದೆ ಎಂದು ಕೇಳುವುದು ಇನ್ನೊಂದು. ಜಲಾಶಯದಲ್ಲೂ ಹಾಗೆಯೇ: ಮಟ್ಟ 124.80 ಮುಟ್ಟಿ ಗೇಟು ತೆರೆದ ಮೇಲೆ ಒಳಹರಿವು ಎಷ್ಟೇ ಇರಲಿ, ಮಟ್ಟದ ದರ ಅದನ್ನು ಹಿಂಬಾಲಿಸುವುದಿಲ್ಲ.

ಕ್ಷಣದ ವೇಗದ ಚಿಂತೆ ಯುರೋಪಿಗಿಂತ ಬಹಳ ಹಿಂದೆಯೇ ನಮ್ಮ ಪಂಚಾಂಗದ ಲೆಕ್ಕಿಗರನ್ನು ಕಾಡಿತ್ತು. ಸೂರ್ಯ ದಿನಕ್ಕೆ ಸರಾಸರಿ 59 ಕಲೆ 8 ವಿಕಲೆ ಚಲಿಸುತ್ತಾನೆ. ಒಂದು ಕಲೆ ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು. ಆದರೆ ನಿಜವಾದ ಸ್ಥಾನ ಸರಾಸರಿ ಸ್ಥಾನಕ್ಕಿಂತ ಸ್ವಲ್ಪ ಹಿಂದೆ ಮುಂದೆ ಇರುತ್ತದೆ, ಆ ವ್ಯತ್ಯಾಸ ಒಂದು ಕೋನದ ಜ್ಯಾಕ್ಕೆ, ಎಂದರೆ ಸೈನಿಗೆ, ಅನುಪಾತದಲ್ಲಿದೆ. ಸ್ಥಾನಗಳ ಸಂಬಂಧ ಇದು. ಹಾಗಾದರೆ ವೇಗಗಳ ಸಂಬಂಧ? ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ತನ್ನ ಊರೆಂದು ಹೇಳಿಕೊಂಡಿರುವ ಎರಡನೇ ಭಾಸ್ಕರ, 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಇದಕ್ಕೆ ಕೊಟ್ಟ ಉತ್ತರ ಕೋಟಿಜ್ಯಾ, ಎಂದರೆ ಕೊಸೈನ್. ಸೈನು ಬದಲಾಗುವ ದರ ಕೊಸೈನಿನಷ್ಟು ಎಂಬುದೇ ಇದರ ಹುರುಳು. 932ರ ಹೊತ್ತಿನ ಮಂಜುಳನ ‘ಲಘುಮಾನಸ’ದಲ್ಲೂ ಈ ನಿಯಮವಿದೆ. ಭಾಸ್ಕರನ ಹೆಚ್ಚುಗಾರಿಕೆ ಇರುವುದು ಇಂದಿನ ಸ್ಥಾನವನ್ನು ನಾಳಿನ ಸ್ಥಾನದಿಂದ ಕಳೆದು ಪಡೆದ ವೇಗ ಸ್ಥೂಲ, ಆ ಕ್ಷಣದ ತಾತ್ಕಾಲಿಕ ಗತಿಯೇ ಸೂಕ್ಷ್ಮ ಎಂದು ಬೇರ್ಪಡಿಸಿ ಹೇಳಿದ್ದರಲ್ಲಿ. ಚಂದ್ರನಿಗೆ ಇದು ಮುಖ್ಯ. ದಿನಕ್ಕೆ 13 ಡಿಗ್ರಿಗೂ ಮಿಕ್ಕಿ ಓಡುವ ಚಂದ್ರನ ವೇಗ ಬೆಳಗಿನಿಂದ ಸಂಜೆಗೇ ಬದಲಾಗಿರುತ್ತದೆ, ತಿಥಿ ಮುಗಿಯುವ ಗಳಿಗೆ ಹೇಳಬೇಕಾದವರಿಗೆ ಇಡೀ ದಿನದ ಸರಾಸರಿ ಸಾಲದು.

ಭಾಸ್ಕರ ಕಲನಶಾಸ್ತ್ರವನ್ನೇ ಕಂಡುಹಿಡಿದುಬಿಟ್ಟಿದ್ದ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಾವುದೇ ಸಂಬಂಧಕ್ಕೂ ಹೊಂದುವ ಸಾಮಾನ್ಯ ವಿಧಾನ ಅಲ್ಲಿಲ್ಲ. ಈ ಒಂದು ಸಂಬಂಧವನ್ನು ಮಾತ್ರ ಆತ ಪೂರ್ತಿಯಾಗಿ ಕೈವಶ ಮಾಡಿಕೊಂಡಿದ್ದ, ಅದನ್ನು ಅಂಕಿಯಿಂದಲೇ ಪರೀಕ್ಷಿಸಬಹುದು. ಸೂರ್ಯನ ತಿದ್ದುಪಡಿಗೆ ಭಾಸ್ಕರ ಬಳಸಿದ ಪುಟ್ಟ ವೃತ್ತದ ಪರಿಧಿ 13 ಡಿಗ್ರಿ 40 ಕಲೆ, ದೊಡ್ಡ ವೃತ್ತದ್ದು 360 ಡಿಗ್ರಿ. ಈ ಪ್ರಮಾಣವನ್ನು 59 ಕಲೆ 8 ವಿಕಲೆಯಿಂದ ಗುಣಿಸಿದರೆ ಸುಮಾರು 2 ಕಲೆ 15 ವಿಕಲೆ. ಹಾಗಾದರೆ ಸೂರ್ಯನ ದಿನಗತಿ ಅತಿ ಕಡಿಮೆ ಎಂದರೆ 56 ಕಲೆ 53 ವಿಕಲೆ, ಅತಿ ಹೆಚ್ಚು ಎಂದರೆ 61 ಕಲೆ 23 ವಿಕಲೆ. ಇಂದಿನ ಖಗೋಳಶಾಸ್ತ್ರ ಕೊಡುವ ಅಂಕಿಗಳು 57 ಕಲೆ 11 ವಿಕಲೆ ಮತ್ತು 61 ಕಲೆ 10 ವಿಕಲೆ. ಧನುರ್ಮಾಸ 29 ದಿನ ಚಿಲ್ಲರೆಗೇ ಮುಗಿಯುವುದು, ಮಿಥುನ ಮಾಸ 31 ದಿನ ದಾಟುವುದು ಇದರಿಂದಲೇ. ಸೂರ್ಯ ಒಂದೊಂದು ರಾಶಿಯ 30 ಡಿಗ್ರಿಯನ್ನೂ ಒಂದೊಂದು ವೇಗದಲ್ಲಿ ಕ್ರಮಿಸುತ್ತಾನೆ. ಸ್ಥಾನದ ತಿದ್ದುಪಡಿ ಅತ್ಯಧಿಕವಾಗಿರುವ ಕಡೆ ವೇಗದ ತಿದ್ದುಪಡಿ ಸೊನ್ನೆ ಎಂಬುದನ್ನೂ ಭಾಸ್ಕರ ಗುರುತಿಸಿದ್ದ. ಶಿಖರದಲ್ಲಿ ದರ ಸೊನ್ನೆ ಎಂಬ, ಇಂದು ಪ್ರತಿ ಕಲನ ವಿದ್ಯಾರ್ಥಿಯೂ ಕಲಿಯುವ ಮಾತೇ ಅದು.

ಇಲ್ಲಿಯವರೆಗೆ ಸಂಬಂಧ ಗೊತ್ತಿತ್ತು, ಒಂದು ದರ ಗೊತ್ತಿತ್ತು, ಇನ್ನೊಂದು ದರ ಬೇಕಿತ್ತು. ಇದನ್ನು ತಲೆಕೆಳಗು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 1957ರ ಅಕ್ಟೋಬರ್ ತಿಂಗಳ ಕತೆಯೊಂದಿದೆ. ಆ ತಿಂಗಳ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಅದು 20 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಬೀಪ್ ಬೀಪ್ ಎಂದು ಸಂಕೇತ ಕಳಿಸುತ್ತಿತ್ತು. ಅಮೆರಿಕದ ಮೇರಿಲ್ಯಾಂಡಿನಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದ ವಿಲಿಯಂ ಗಾಯರ್ ಮತ್ತು ಜಾರ್ಜ್ ವೈಫನ್‌ಬಾಕ್ ಎಂಬ ಇಬ್ಬರು ತರುಣ ವಿಜ್ಞಾನಿಗಳು ಅದನ್ನು ಕೇಳಲು ಕುಳಿತರು. ಉಪಗ್ರಹ ಹತ್ತಿರ ಬರುವಾಗ ಸಂಕೇತದ ಆವರ್ತಾಂಕ ಕೊಂಚ ಹೆಚ್ಚು, ದೂರ ಹೋಗುವಾಗ ಕೊಂಚ ಕಡಿಮೆ. ರೈಲು ನಮ್ಮನ್ನು ದಾಟಿಹೋಗುವಾಗ ಅದರ ಸೀಟಿಯ ಸ್ವರ ಇಳಿಯಲು ಕಾರಣವಾದ ಡಾಪ್ಲರ್ ಪರಿಣಾಮವೇ ಇದು. ಸೆಕೆಂಡಿಗೆ 8 ಕಿಲೋಮೀಟರಿನ ಆಸುಪಾಸಿನ ವೇಗಕ್ಕೆ ಈ ಏರುಪೇರು ಹೆಚ್ಚೆಂದರೆ ಸುಮಾರು 500 ಹರ್ಟ್ಸ್. 20 ಮೆಗಾಹರ್ಟ್ಸ್ ಎದುರು ಅದು ಅತ್ಯಲ್ಪ, ಆದರೆ ಅಳೆಯಬಹುದಾದದ್ದು.

ಡಾಪ್ಲರ್ ಪರಿಣಾಮ ಉಪಗ್ರಹದ ವೇಗವನ್ನು ನೇರವಾಗಿ ಹೇಳುವುದಿಲ್ಲ. ಅದು ಹೇಳುವುದು ನಮ್ಮಿಂದ ಉಪಗ್ರಹಕ್ಕಿರುವ ದೂರದ ದರವನ್ನು ಮಾತ್ರ. ಉಪಗ್ರಹ ನಮ್ಮ ಬಳಿ ಸಾಗುವ ಕೆಲವು ನಿಮಿಷಗಳ ಮಟ್ಟಿಗೆ ಅದರ ದಾರಿಯನ್ನು ನೇರ ಗೆರೆಯೆಂದು ಭಾವಿಸಿದರೆ ಏಣಿಯ ಪೈಥಾಗೊರಸ್ಸೇ ಹೊಸ ವೇಷದಲ್ಲಿ ಬರುತ್ತಾನೆ:

ದೂರ² = ಕನಿಷ್ಠ ದೂರ² + ಸಾಗಿದ ದಾರಿ²

ಇಲ್ಲಿ ‘ಸಾಗಿದ ದಾರಿ’ ಎಂದರೆ ಅತಿ ಹತ್ತಿರದ ಬಿಂದುವಿನಿಂದ ಎಣಿಸಿದ್ದು, ಕನಿಷ್ಠ ದೂರ ಸದಾಕಾಲದ ಅಂಕಿ. ಎರಡೂ ಕಡೆ ದರ ತೆಗೆದರೆ, ದೂರ × ದೂರದ ದರ = ದಾರಿ × ಉಪಗ್ರಹದ ವೇಗ. ಉಪಗ್ರಹ ಅತಿ ಹತ್ತಿರ ಬಂದ ಕ್ಷಣದಲ್ಲಿ ದಾರಿ ಸೊನ್ನೆ, ಹಾಗಾಗಿ ದೂರದ ದರವೂ ಸೊನ್ನೆ. ಆವರ್ತಾಂಕ ತನ್ನ ನಿಜವಾದ ಬೆಲೆಯನ್ನು ತೋರಿಸುವ ಗಳಿಗೆ ಅದು. ಇನ್ನೊಂದು ಸಲ ದರ ತೆಗೆದರೆ ಆ ಕ್ಷಣದಲ್ಲಿ ದೂರದ ದರ ಎಷ್ಟು ಬೇಗ ಬದಲಾಗುತ್ತಿದೆ ಎಂಬುದು ಸಿಗುತ್ತದೆ: ವೇಗದ ವರ್ಗವನ್ನು ಕನಿಷ್ಠ ದೂರದಿಂದ ಭಾಗಿಸಿದಷ್ಟು. ಉಪಗ್ರಹ 500 ಕಿಲೋಮೀಟರ್ ದೂರದಲ್ಲಿ ಹಾದುಹೋದರೆ ಆವರ್ತಾಂಕ ಆ ಗಳಿಗೆಯಲ್ಲಿ ಸೆಕೆಂಡಿಗೆ ಎಂಟೂವರೆ ಹರ್ಟ್ಸ್‌ನಂತೆ ಇಳಿಯುತ್ತದೆ. 1,000 ಕಿಲೋಮೀಟರ್ ದೂರದಲ್ಲಿ ಹಾದುಹೋದರೆ ಅದರರ್ಧ. ಹತ್ತಿರ ಬಂದದ್ದು ಸರ್ರನೆ ಸ್ವರ ಬದಲಿಸುತ್ತದೆ, ದೂರದಲ್ಲಿ ಹೋದದ್ದು ನಿಧಾನವಾಗಿ. ಆ ಇಳಿಜಾರಿನಿಂದ ಉಪಗ್ರಹ ಎಷ್ಟು ದೂರದಲ್ಲಿ ಹೋಯಿತೆಂದು ಹೇಳಬಹುದು.

ಗಾಯರ್ ಮತ್ತು ವೈಫನ್‌ಬಾಕ್ ನೇರ ಗೆರೆಗೆ ತೃಪ್ತರಾಗಲಿಲ್ಲ. ಭೂಮಿಯ ಸುತ್ತಣ ಕಕ್ಷೆಯ ನಿಜವಾದ ಸಂಬಂಧವನ್ನೇ ಬರೆದು, ಆವರ್ತಾಂಕ ಬದಲಾಗುವ ಪೂರ್ತಿ ರೇಖೆಗೆ ಹೊಂದುವ ಕಕ್ಷೆ ಯಾವುದೆಂದು ಕಂಪ್ಯೂಟರಿನ ನೆರವಿನಿಂದ ಹುಡುಕಿದರು. ಒಂದೇ ಕಡೆ ಕುಳಿತು, ದಿಕ್ಕು ತೋರಿಸುವ ಆಂಟೆನಾ ಇಲ್ಲದೆ, ದೂರ ಅಳೆಯುವ ಸಾಧನವಿಲ್ಲದೆ, ಬರೀ ದರವನ್ನು ಕೇಳಿಸಿಕೊಂಡು ಅವರು ಉಪಗ್ರಹದ ಇಡೀ ದಾರಿಯನ್ನು ಕಂಡುಕೊಂಡರು.

1958ರ ಮಾರ್ಚಿನಲ್ಲಿ ಅದೇ ಪ್ರಯೋಗಾಲಯದ ಫ್ರಾಂಕ್ ಮೆಕ್ಲೂರ್ ಇಬ್ಬರನ್ನೂ ಕರೆಸಿ ಕೇಳಿದ್ದು ಲೆಕ್ಕವನ್ನು ಮತ್ತೊಮ್ಮೆ ತಿರುಗಿಸುವ ಪ್ರಶ್ನೆ. ನೀವು ನಿಂತಿರುವ ಜಾಗ ಗೊತ್ತಿದ್ದಾಗ ಉಪಗ್ರಹದ ಕಕ್ಷೆ ಕಂಡುಹಿಡಿದಿರಿ. ಕಕ್ಷೆ ಗೊತ್ತಿದ್ದರೆ ನಿಂತಿರುವ ಜಾಗವನ್ನು ಕಂಡುಹಿಡಿಯಬಹುದೇ? ಸಮೀಕರಣ ಅದೇ, ತಿಳಿದದ್ದು ತಿಳಿಯದ್ದು ಮಾತ್ರ ಅದಲು ಬದಲು. ಲೆಕ್ಕ ಹಾಕಿ ನೋಡಿದರೆ ಈ ಸಮಸ್ಯೆ ಮೊದಲಿನದಕ್ಕಿಂತ ಸುಲಭವೇ ಆಗಿತ್ತು, ಏಕೆಂದರೆ ಕಂಡುಹಿಡಿಯಬೇಕಾದ ಅಂಕಿಗಳು ಕಡಿಮೆ. ನಡುಗಡಲಲ್ಲಿ ತಮ್ಮ ಸ್ಥಾನ ತಿಳಿಯಬೇಕಿದ್ದ ಅಮೆರಿಕದ ಪೊಲಾರಿಸ್ ಜಲಾಂತರ್ಗಾಮಿಗಳಿಗೆ ಬೇಕಾಗಿದ್ದುದೂ ಇದೇ. ಹೀಗೆ ಹುಟ್ಟಿದ ಟ್ರಾನ್ಸಿಟ್ ಎಂಬ ಉಪಗ್ರಹ ವ್ಯವಸ್ಥೆ 1964ರಲ್ಲಿ ನೌಕಾಪಡೆಯ ಬಳಕೆಗೆ ಬಂತು. ಜಿಪಿಎಸ್ ಬಂದು ಅದರ ಜಾಗ ಹಿಡಿಯುವವರೆಗೆ, 1996ರ ತನಕ, ಹಡಗುಗಳು ತಲೆಯ ಮೇಲೆ ಹಾದುಹೋಗುವ ಉಪಗ್ರಹದ ಸ್ವರ ಎಷ್ಟು ಬೇಗ ಇಳಿಯಿತೆಂದು ಅಳೆದು, ತಾವು ಯಾವ ಅಕ್ಷಾಂಶ ರೇಖಾಂಶದಲ್ಲಿದ್ದೇವೆಂದು ತಿಳಿಯುತ್ತಿದ್ದವು.